ಹೊಳೆ ದಾಟಿ ಹೊಲಕ್ಕೆ ಹೋಗುವ ಮನೆಯವರಿಗೆ ಯಾವ ಲೈಫ್ ಜಾಕೆಟ್ ತಗೊಳ್ಳಲಿ?

ಹೊಳೆದಂಡೆ

ಎಲ್ಲರಿಗೂ ನಮಸ್ಕಾರ ರೀ. ನಮ್ಮದು ರಾಣೆಬೆನ್ನೂರು ತಾಲೂಕು, ತುಂಗಭದ್ರಾ ದಂಡೆಯ ಊರು. ಮೂರು ಎಕರೆ ಹೊಲ ಹೊಳೆಯ ಆಚೆ ಇದೆ. ಸೇತುವೆ ಸುತ್ತಿ ಹೋದರೆ ಅರ್ಧ ದಿನ ದಾರಿಯಲ್ಲೇ ಕಳೆಯುತ್ತದೆ, ಅದಕ್ಕೆ ಅಜ್ಜನ ಕಾಲದಿಂದ ತೆಪ್ಪದಲ್ಲೇ ದಾಟುತ್ತೇವೆ. ಇಷ್ಟು ವರ್ಷ ಏನೂ ಆಗಿಲ್ಲ. ಆದರೆ ಹೋದ ವಾರ ಗಾಜನೂರು ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು, ನಡು ಹೊಳೆಯಲ್ಲಿ ತೆಪ್ಪ ಹುಟ್ಟಿನ ಮಾತು ಕೇಳದೆ ಎರಡು ಸುತ್ತು ತಿರುಗಿತು. ಅವ್ವ ನನ್ನ ಮಗಳನ್ನು ಎದೆಗೆ ಅವುಚಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಅವತ್ತಿನಿಂದ ನನಗೆ ರಾತ್ರಿ ನಿದ್ದೆ ಸರಿಯಾಗಿ ಬರುತ್ತಿಲ್ಲ.

ಅವ್ವನಿಗೆ ಈಜು ಬರುವುದಿಲ್ಲ, ನನ್ನ ಹೆಂಡತಿಗೂ ಬರುವುದಿಲ್ಲ. ಮಗಳಿಗೆ ಆರು ವರ್ಷ, ತೂಕ 17 ಕಿಲೋ. ಫೋನಿನಲ್ಲಿ ನೋಡಿದರೆ 450 ರೂಪಾಯಿಯಿಂದ 4000ದವರೆಗೂ ಇವೆ. ಫೋಟೋದಲ್ಲಿ ಎಲ್ಲವೂ ಒಂದೇ ಥರ ಕಿತ್ತಳೆ ಬಣ್ಣ, ಕಪ್ಪು ಪಟ್ಟಿ. ಗಾಳಿ ತುಂಬುವುದು ಬೇರೆ ಇದೆ. ಯಾವುದು ತಗೊಳ್ಳಲಿ? ಮಗಳಿಗೆ ಸ್ವಲ್ಪ ದೊಡ್ಡದೇ ತಗೊಂಡರೆ ನಾಲ್ಕು ವರ್ಷ ಬರುತ್ತದೆ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ, ಅದು ಸರಿನಾ?

ರಾಫ್ಟ್ ಹುಡುಗ

ಅಣ್ಣಾ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ದೊಡ್ಡದು ಬೇಡ. ದಯವಿಟ್ಟು ಬೇಡ. ಶಾಲೆ ಯೂನಿಫಾರ್ಮ್ ಒಂದು ಸೈಜ್ ದೊಡ್ಡದು ಹೊಲಿಸಿದ ಹಾಗೆ ಇದನ್ನು ತಗೊಳ್ಳಬಾರದು.

ನಾನು ಹುಬ್ಬಳ್ಳಿಯವನು, ಸೀಸನ್‌ನಲ್ಲಿ ದಾಂಡೇಲಿ ಕಡೆ ಕಾಳಿ ಹೊಳೆಯಲ್ಲಿ ರಾಫ್ಟಿಂಗ್ ಕೆಲಸಕ್ಕೆ ಹೋಗುತ್ತೇನೆ. ಶನಿವಾರ ಭಾನುವಾರ ಬಂದವರಿಗೆಲ್ಲ ಜಾಕೆಟ್ ಹಾಕಿಸುವುದೇ ನಮ್ಮ ಮೊದಲ ಕೆಲಸ. ಹಾಕಿ ಬಕಲ್ ಬಿಗಿದ ಮೇಲೆ ಎದುರು ನಿಂತು ಎರಡೂ ಭುಜದ ಪಟ್ಟಿ ಹಿಡಿದು ಜೋರಾಗಿ ಮೇಲಕ್ಕೆ ಎತ್ತುತ್ತೇವೆ. ಜಾಕೆಟ್ ಗದ್ದ ದಾಟಿ ಕಿವಿಯವರೆಗೆ ಬಂದರೆ ಅದು ಅವರ ಜಾಕೆಟ್ ಅಲ್ಲ. ನೀರಿಗೆ ಬಿದ್ದಾಗ ಆಗುವುದೂ ಇದೇ. ಜಾಕೆಟ್ ಮೇಲಕ್ಕೆ ಹೋಗಲು ನೋಡುತ್ತದೆ, ಮೈ ಕೆಳಕ್ಕೆ ಜಗ್ಗುತ್ತದೆ. ಸಡಿಲ ಇದ್ದರೆ ಜಾಕೆಟ್ ತೇಲುತ್ತದೆ, ಮನುಷ್ಯ ಅದರ ಕೆಳಗೆ ಹೋಗುತ್ತಾನೆ. ಮಕ್ಕಳ ಭುಜ ಅಗಲ ಇರುವುದಿಲ್ಲ, ಸೊಂಟ ಸಣ್ಣದು, ಸರ್ರನೆ ಜಾರಿಬಿಡುತ್ತವೆ. ಅದಕ್ಕೇ ಮಕ್ಕಳದ್ದರಲ್ಲಿ ಎರಡು ಕಾಲುಗಳ ನಡುವೆ ಬಂದು ಮುಂದೆ ಸಿಕ್ಕಿಸುವ ಪಟ್ಟಿ ಇರಲೇಬೇಕು. ಅದಿಲ್ಲದ್ದು ಎಷ್ಟೇ ಚೆಂದ ಇದ್ದರೂ ಬಿಟ್ಟುಬಿಡಿ. ಕತ್ತಿನ ಹಿಂದೆ ತಲೆಗೆ ಆಸರೆಯಾಗುವ ಕಾಲರ್ ಇರಲಿ, ಕೈ ಹಾಕಿ ಎಳೆಯಲು ಒಂದು ಹಿಡಿಕೆಯೂ ಇರಲಿ.

ಮಕ್ಕಳ ಜಾಕೆಟನ್ನು ವಯಸ್ಸು ನೋಡಿ ತಗೊಳ್ಳಬೇಡಿ, ತೂಕ ನೋಡಿ. ಒಳಗಿನ ಲೇಬಲ್ ಮೇಲೆ ಇಷ್ಟರಿಂದ ಇಷ್ಟು ಕಿಲೋ ಅಂತ ಬರೆದಿರುತ್ತದೆ. ನಿಮ್ಮ ಮಗಳ 17 ಕಿಲೋ ಆ ಅಳತೆಯ ಒಳಗೆ ಬರಬೇಕು. ದೊಡ್ಡವರಿಗೆ ತೂಕದ ಜೊತೆ ಎದೆ ಸುತ್ತಳತೆಯೂ ಮುಖ್ಯ.

ಇನ್ನು ನ್ಯೂಟನ್ ಲೆಕ್ಕ, ಅಂದರೆ ಜಾಕೆಟ್ ಎಷ್ಟು ಬಲದಿಂದ ಮೇಲಕ್ಕೆ ಎತ್ತುತ್ತದೆ ಅನ್ನುವುದು. ಒಳ್ಳೆಯ ಜಾಕೆಟ್ ಮೇಲೆ ಐಎಸ್ಒ 12402 (ಲೈಫ್ ಜಾಕೆಟ್‌ಗಳ ಅಂತರರಾಷ್ಟ್ರೀಯ ಮಾನದಂಡ) ಅಂತ ಇರುತ್ತದೆ, ಅದರ ಜೊತೆ 50, 100, 150 ಅಥವಾ 275 ಅಂತ ಒಂದು ಸಂಖ್ಯೆ. 50 ಅಂದರೆ ಈಜು ಬರುವವರಿಗೆ, ದಂಡೆ ಹತ್ತಿರ ಇರುವವರಿಗೆ. ಪ್ರಜ್ಞೆ ತಪ್ಪಿ ಬೋರಲು ಬಿದ್ದರೆ ಅದು ತಿರುಗಿಸುವುದಿಲ್ಲ. 100 ಮತ್ತು ಅದಕ್ಕಿಂತ ಮೇಲಿನವು ಮೈಯನ್ನು ಅಂಗಾತ ಮಾಡಿ ಮುಖ ನೀರಿನ ಮೇಲೆ ಬರುವ ಹಾಗೆ ಮಾಡಿರುವಂಥವು. 150, 275 ಸಮುದ್ರದ ಮಾತು. ನಿಮ್ಮ ಅವ್ವನಿಗೆ, ಮನೆಯವರಿಗೆ 100ರದ್ದೇ ಬೇಕು. ಮಕ್ಕಳ ಜಾಕೆಟ್ ಕೂಡ ಅದೇ 100ರ ದರ್ಜೆಯದೇ ಆಗಿರಲಿ. ಮಕ್ಕಳ ಮೈತೂಕ ಕಡಿಮೆ, ಹಾಗಾಗಿ ಅದರ ನಿಜವಾದ ಎತ್ತುವ ಶಕ್ತಿ ಕಡಿಮೆ ಇರುತ್ತದೆ, ಅದನ್ನು ನೋಡಿ ಗಾಬರಿ ಆಗಬೇಡಿ. ಈಜು ಕಲಿಯಲು ಮಾರುವ ತೆಳ್ಳಗಿನ ವೆಸ್ಟ್, ತೋಳಿಗೆ ಹಾಕುವ ಗಾಳಿ ಬಳೆ, ಟ್ಯೂಬ್ ಇವು ಯಾವುವೂ ಲೆಕ್ಕಕ್ಕಿಲ್ಲ.

ಗಾಳಿ ತುಂಬುವುದು ನಿಮಗೆ ಬೇಡವೇ ಬೇಡ. ಅದರಲ್ಲಿ ಸಣ್ಣ ಗ್ಯಾಸ್ ಸಿಲಿಂಡರ್ ಇರುತ್ತದೆ, ಒಮ್ಮೆ ಬಳಸಿದರೆ ಬದಲಿಸಬೇಕು, ಆಗಾಗ ಬಿಚ್ಚಿ ನೋಡಬೇಕು. ಹೊಳೆ ದಂಡೆಯ ಜಾಲಿ ಮುಳ್ಳು ಒಂದು ಚುಚ್ಚಿದರೆ ಮುಗಿಯಿತು. ಫೋಮ್‌ನದ್ದೇ ತಗೊಳ್ಳಿ, ಚುಚ್ಚಿದರೂ ಹರಿದರೂ ತೇಲುತ್ತದೆ.

ಹೊಳೆದಂಡೆ

ತಮ್ಮಾ, ಬಹಳ ಉಪಕಾರ ಆಯಿತು. ಹೋಲ್‌ಸೇಲ್ ಅಂಗಡಿಯೊಂದರಲ್ಲಿ 100 ಅಂತ ಬರೆದಿದ್ದೇ 700ಕ್ಕೆ ಕೊಡುತ್ತೇನೆ ಅಂದಿದ್ದಾರೆ. ಬರೆದಿದ್ದನ್ನು ನಂಬಬಹುದಾ?

ಸಾಧನಕೇರಿ ಮಾಸ್ತರ

ಲೇಬಲ್ ಯಾರು ಬೇಕಾದರೂ ಹೊಲಿಯಬಹುದು. ನೀವೇ ಪರೀಕ್ಷೆ ಮಾಡಿ ನೋಡಿ. ನಾನು ಧಾರವಾಡದಲ್ಲಿ ವಿಜ್ಞಾನ ಹೇಳುತ್ತೇನೆ. ಹೋದ ವರ್ಷ ಮಕ್ಕಳನ್ನು ಟ್ರಿಪ್ ಕರೆದುಕೊಂಡು ಹೋಗುವ ಮೊದಲು ಆರು ಜಾಕೆಟ್ ತರಿಸಿ ಮನೆಯ ನೀರಿನ ಹೌದದಲ್ಲಿ ಇದನ್ನೇ ಮಾಡಿದೆ.

ಕಿರಾಣಿ ಅಂಗಡಿಯಿಂದ ತಕ್ಕಡಿಯ ಕಬ್ಬಿಣದ ಬಟ್ಟುಗಳನ್ನು ಕೇಳಿ ತನ್ನಿ. 50ರ ಜಾಕೆಟ್ ಅಂದರೆ ಸುಮಾರು ಐದು ಕಿಲೋ ಭಾರ ಹೊರಬೇಕು, 100 ಅಂದರೆ ಹತ್ತು ಕಿಲೋ. ಒಂದು ಕಿಲೋಗೆ 9.8 ನ್ಯೂಟನ್, ಅದೇ ಲೆಕ್ಕ. ಕಬ್ಬಿಣವೇ ಆಗಬೇಕು, ಕಲ್ಲು ಬೇಡ. ನೀರಿಗೆ ಇಳಿಸಿದಾಗ ಯಾವ ವಸ್ತುವೂ ಹಗುರಾಗುತ್ತದೆ ಅಲ್ವಾ? ಐದು ಕಿಲೋ ಕಬ್ಬಿಣ ನೀರಿನೊಳಗೆ ಸುಮಾರು ನಾಲ್ಕೂಕಾಲು ಕಿಲೋದಷ್ಟು ಜಗ್ಗುತ್ತದೆ. ಐದು ಕಿಲೋ ಕಲ್ಲಾದರೆ ಮೂರು ಕಿಲೋ ಆಸುಪಾಸು ಅಷ್ಟೇ. ಕಲ್ಲು ಕಟ್ಟಿ ತೇಲಿತು ಅಂತ ಖುಷಿಪಟ್ಟರೆ ಮೋಸ ಹೋಗುತ್ತೀರಿ.

ಮೊದಲು ಜಾಕೆಟನ್ನು ನೀರಲ್ಲಿ ಮುಳುಗಿಸಿ ಚೆನ್ನಾಗಿ ಹಿಂಡಿ. ಬಟ್ಟೆಯ ಪದರದಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ, ಗುಳುಗುಳು ಅಂತ ಹೊರಗೆ ಬರುತ್ತದೆ. ಆಮೇಲೆ ಬಕಲ್ ಎಲ್ಲ ಹಾಕಿ, ಬಟ್ಟು ಕಟ್ಟಿ ಬಿಡಿ. ತೇಲಿತಾ? ಹಾಗೇ ರಾತ್ರಿಯಿಡೀ ಬಿಡಿ. ನನ್ನ ಆರರಲ್ಲಿ ಐದು ಬೆಳಿಗ್ಗೆಯೂ ಹಾಗೇ ಇದ್ದವು. ಒಂದು ಮಾತ್ರ ಸಂಜೆ ಚೆನ್ನಾಗಿ ತೇಲಿದ್ದು, ಬೆಳಿಗ್ಗೆ ಹೋಗಿ ನೋಡಿದರೆ ಹೌದದ ತಳದಲ್ಲಿ ಕೂತಿತ್ತು. ಹೊಲಿಗೆ ಬಿಚ್ಚಿ ನೋಡಿದೆ. ಒಳಗೆ ಒಂದೇ ತುಂಡು ಫೋಮ್ ಇರಲಿಲ್ಲ, ಸೋಫಾದ ಸ್ಪಂಜಿನ ಥರದ ಚೂರುಗಳನ್ನು ತುಂಬಿದ್ದರು. ಹಿಂಡಿದರೆ ನೀರು ಸುರಿಯಿತು. ಹೊರಗಿನಿಂದ ಆರೂ ಒಂದೇ ಥರ ಕಾಣುತ್ತಿದ್ದವು, ಬಣ್ಣ ಒಂದೇ, ಲೇಬಲ್ ಒಂದೇ. ಆ ಒಂದನ್ನು ಯಾವ ಮಗುವಿಗೆ ಹಾಕಿಬಿಡುತ್ತಿದ್ದೆನೋ ಅಂತ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಅಂದಹಾಗೆ ಹಿಂದೆ ಈ ಜಾಕೆಟ್‌ಗಳಲ್ಲಿ ಬೂರುಗದ ಜಾತಿಯ ಮರದ ಹತ್ತಿಯನ್ನೇ ತುಂಬುತ್ತಿದ್ದರು, ಅದರ ಎಳೆಗೆ ನೀರು ಬೇಗ ಹತ್ತುವುದಿಲ್ಲ. ಅದಕ್ಕೂ ಮೊದಲು ಬೆಂಡಿನ ತುಂಡುಗಳು. 1854ರಲ್ಲಿ ಇಂಗ್ಲೆಂಡಿನ ಜೀವರಕ್ಷಕ ದೋಣಿಗಳವರಿಗೆ ಕೊಟ್ಟ ಜಾಕೆಟ್ ಬೆಂಡಿನದ್ದೇ.

ಮಲಪ್ರಭೆ ಕಾಕಾ

ಮಾಸ್ತರರೇ, ಬೆಂಡು ಅಂದಿರಿ, ನನ್ನ ಬಾಲ್ಯ ಕಣ್ಣ ಮುಂದೆ ಬಂತು. ನಮ್ಮದು ನರಗುಂದ ತಾಲೂಕು. ನಮ್ಮ ಕಾಲದಲ್ಲಿ ಬೆನ್ನಿಗೆ ಬೆಂಡು ಕಟ್ಟಿ ಬಾವಿಗೆ ನೂಕುತ್ತಿದ್ದರು. ಬೆಂಡು ಇಲ್ಲದ ಮನೆಯವರು ಒಣಗಿದ ಸೋರೆಬುರುಡೆ, ಎಣ್ಣೆ ಡಬ್ಬಿ ಕಟ್ಟುತ್ತಿದ್ದರು. ಎಂಟು ದಿನಕ್ಕೆ ಒಂದೊಂದೇ ತುಂಡು ಕಡಿಮೆ ಮಾಡುತ್ತಾ ಹೋಗುವುದು, ಕೊನೆಗೆ ಬರೀ ಹಗ್ಗ. ಹಂಗೇ ಕಲಿತವರು ನಾವು. ನನ್ನ ಮಾತು ಇಷ್ಟೇ, ಹೊಳೆ ದಂಡೆಯಲ್ಲಿ ಬಾಳುವವರು ಜಾಕೆಟ್‌ಗೆ ದುಡ್ಡು ಹಾಕುವ ಬದಲು ಈಜು ಕಲಿಯಲಿ. ಈಜು ಬಂದರೆ ಜಾಕೆಟ್ ಯಾಕೆ ಬೇಕು?

ರಾಫ್ಟ್ ಹುಡುಗ

ಕಾಕಾ, ಈಜು ಕಲಿಯಬೇಕು ಅನ್ನುವುದು ನೂರಕ್ಕೆ ನೂರು ಖರೆ. ಆದರೆ ಬಾವಿಯ ನೀರು ನಿಂತ ನೀರು. 2019ರ ಆಗಸ್ಟ್‌ನಲ್ಲಿ ನಿಮ್ಮ ಕಡೆಗೇ ಮಲಪ್ರಭೆ ಬಂದಾಗ ಕೊಣ್ಣೂರು, ಹೊಳೆಆಲೂರು ಏನಾದವು ನೀವೇ ನೋಡಿದ್ದೀರಿ. ಆ ನೀರಿನಲ್ಲಿ ಈಜುವವರು ದಣಿಯಲು ಎಷ್ಟು ಹೊತ್ತು ಬೇಕು? ಮರದ ದಿಮ್ಮಿ ಬಂದು ತಲೆಗೆ ಬಡಿದರೆ ಈಜು ಬರುವವನೂ ಬಾರದವನೂ ಒಂದೇ. ಬೋಟಿನಲ್ಲಿ ಜನರನ್ನು ತರಲು ಬರುವ ಪಡೆಯವರೆಲ್ಲ ಪಳಗಿದ ಈಜುಗಾರರು. ಆದರೂ ಅವರ ಮೈಮೇಲೆ ಜಾಕೆಟ್ ಇದ್ದೇ ಇರುತ್ತದೆ.

ಮಲಪ್ರಭೆ ಕಾಕಾ

ಅದನ್ನು ಒಪ್ಪಿದೆ. ಆ ವರ್ಷ ನಾನು ಎದೆ ಮಟ್ಟದ ನೀರಿನಲ್ಲಿ ಎಮ್ಮೆ ಬಿಚ್ಚಲು ಹೋಗಿ, ಕಾಲು ಕಿತ್ತು ಹೋಗಿ, ಬೇವಿನ ಮರ ಹಿಡಿದು ಎರಡು ತಾಸು ನಿಂತಿದ್ದೆ. ನಲವತ್ತು ವರ್ಷದ ಈಜು ನಾಲ್ಕು ಮಾರು ಸಾಗಿಸಲಿಲ್ಲ. ಆದರೆ ತಮ್ಮಾ, ಕಲಿಯುವುದನ್ನು ಬಿಡಬೇಡಿ ಅಂತ ಬರೆಯಿರಿ. ಜಾಕೆಟ್ ಬಂತು ಅಂತ ಮಕ್ಕಳಿಗೆ ಈಜು ಕಲಿಸುವುದೇ ನಿಲ್ಲಬಾರದು.

ಎರಡು ಮಕ್ಕಳ ತಾಯಿ

ನಾನು ಹುಬ್ಬಳ್ಳಿಯವಳು. ಸಡಿಲ ಜಾಕೆಟ್ ಬಗ್ಗೆ ಹೇಳಿದ್ದು ಓದಿ ಬರೆಯಲೇಬೇಕು ಅನ್ನಿಸಿತು.

ಎರಡು ವರ್ಷದ ಹಿಂದೆ ರಜೆಯಲ್ಲಿ ಒಂದು ಕೆರೆಯ ಬೋಟಿಂಗ್‌ಗೆ ಹೋಗಿದ್ದೆವು, ಊರು ಹೇಳುವುದಿಲ್ಲ. ಅಲ್ಲಿ ಮಕ್ಕಳ ಅಳತೆ ಇರಲೇ ಇಲ್ಲ. ನನ್ನ ಐದು ವರ್ಷದ ಮಗನಿಗೆ ದೊಡ್ಡವರದ್ದೇ ಹಾಕಿ, ಮೇಲಿನ ಒಂದು ಬಕಲ್ ಚುಚ್ಚಿ ಕೂರಿಸಿದರು. ಕೆಳಗಿನ ಬಕಲ್ ಮುರಿದಿತ್ತು. ನಾನೂ ಕೇಳಲಿಲ್ಲ, ಹಿಂದೆ ಕ್ಯೂ ಇತ್ತು, ಎಲ್ಲರೂ ಗಡಿಬಿಡಿಯಲ್ಲಿದ್ದರು. ಇಳಿಯುವಾಗ ಕಟ್ಟೆಗೂ ಬೋಟಿಗೂ ನಡುವೆ ಅವನ ಕಾಲು ಜಾರಿತು. ನಾನು ಹಿಂದಿನಿಂದ ಜಾಕೆಟ್ ಹಿಡಿದೆ. ಜಾಕೆಟ್ ನನ್ನ ಕೈಯಲ್ಲೇ ಉಳಿಯಿತು, ಮಗ ನೀರೊಳಗೆ ಹೋದ. ಎರಡೂ ಕೈ ಮೇಲೆ ಮಾಡಿಕೊಂಡು, ಅಂಗಿ ಕಳಚಿದ ಹಾಗೆ ಜಾರಿಹೋದ. ಸೊಂಟದುದ್ದ ನೀರು, ಪಕ್ಕದಲ್ಲಿದ್ದವರು ತಕ್ಷಣ ಎತ್ತಿದರು. ಒಂದು ಗಳಿಗೆ ಅಷ್ಟೇ. ಆದರೆ ಆ ಖಾಲಿ ಜಾಕೆಟಿನ ಭಾರ ಇವತ್ತಿಗೂ ಕೈಯಲ್ಲಿದೆ.

ಈಗ ಎಲ್ಲಿ ಹೋದರೂ ನಮ್ಮದೇ ಎರಡು ಮಕ್ಕಳ ಜಾಕೆಟ್ ಚೀಲದಲ್ಲಿ ಇರುತ್ತವೆ. ಹೊಳೆದಂಡೆ ಅಣ್ಣಾ, ಅಳತೆ ನೋಡಲು ಮಗಳನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಎತ್ತಿ ನೋಡಿ, ಕೂರಿಸಿ ನೋಡಿ. ನಿಂತಾಗ ಸರಿ ಇದ್ದದ್ದು ಕೂತಾಗ ಗದ್ದಕ್ಕೆ ಒತ್ತುತ್ತದೆ, ಆಗ ಮಕ್ಕಳು ತಾವೇ ಬಕಲ್ ತೆಗೆದುಬಿಡುತ್ತವೆ.

ಹೊಳೆದಂಡೆ

ಅಕ್ಕಾ, ಓದಿ ಮೈ ಜುಮ್ಮೆಂದಿತು. ಮಗಳನ್ನು ಖಂಡಿತ ಕರೆದುಕೊಂಡು ಹೋಗುತ್ತೇನೆ.

ಇನ್ನೊಂದು ಕೇಳಬೇಕಿತ್ತು. ಅವ್ವ ಉಡುವುದು ಕಚ್ಚೆ ಹಾಕಿ ಉಡುವ ಒಂಬತ್ತು ಗಜದ ಸೀರೆ ಅಲ್ಲ, ಸಾದಾ ಸೀರೆ. ಅದರ ಮೇಲೆ ಜಾಕೆಟ್ ಹೇಗೆ ಹಾಕುವುದು? ಕಾಲ ನಡುವಿನ ಪಟ್ಟಿ ಸೀರೆಗೆ ಆಗುವುದಿಲ್ಲ. ಸೆರಗು ಮೇಲೆ ಹೊದ್ದುಕೊಳ್ಳುತ್ತೇನೆ ಅನ್ನುತ್ತಾಳೆ.

ರಾಫ್ಟ್ ಹುಡುಗ

ಸೆರಗು ಜಾಕೆಟಿನ ಮೇಲೆ ಬರಲೇಬಾರದು ಅಣ್ಣಾ. ನೀರಿನಲ್ಲಿ ಅದು ಮುಖಕ್ಕೆ ಅಂಟಿಕೊಳ್ಳುತ್ತದೆ, ತೆಪ್ಪದ ಅಂಚಿಗೋ ಹುಟ್ಟಿಗೋ ಸಿಕ್ಕಿಕೊಳ್ಳುತ್ತದೆ. ಎಳೆಯುವವರಿಗೂ ಬಕಲ್ ಕಾಣುವುದಿಲ್ಲ.

ಕಪ್ಪತಗುಡ್ಡ

ಇದಕ್ಕೆ ಹೆಣ್ಣುಮಕ್ಕಳೇ ಉತ್ತರ ಹೇಳಬೇಕು. ನಾನು ಮುಂಡರಗಿ ಕಡೆಯವಳು, ಹಮ್ಮಿಗಿ ಹತ್ತಿರ ತವರು, ಚಿಕ್ಕಂದಿನಿಂದ ಹೊಳೆ ದಾಟಿದವಳು. ಸೆರಗನ್ನು ಎಡ ಹೆಗಲ ಮೇಲಿಂದ ತಂದು, ಬೆನ್ನು ಸುತ್ತಿ, ಬಲಗಡೆ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಸಸಿ ನಾಟುವಾಗ ಸಿಕ್ಕಿಸುತ್ತೇವಲ್ಲ, ಹಾಗೆ. ಅದರ ಮೇಲೆ ಜಾಕೆಟ್. ನಿರಿಗೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ. ಸೀರೆ ನೀರೊಳಗೆ ಭಾರ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನೀರೊಳಗೆ ಅದರ ಭಾರ ಗೊತ್ತಾಗುವುದಿಲ್ಲ, ಅದು ಕಾಲಿಗೆ ಸುತ್ತಿಕೊಳ್ಳುತ್ತದೆ, ಕಷ್ಟ ಅಲ್ಲಿ. ಭಾರ ಗೊತ್ತಾಗುವುದು ದಂಡೆ ಹತ್ತುವಾಗ. ಪಟ್ಟಿ ಹಾಕಲು ಆಗುವುದಿಲ್ಲವಾದ್ದರಿಂದ ಎದೆಗೆ ಎರಡು, ಸೊಂಟಕ್ಕೆ ಒಂದು ಹೀಗೆ ಮೂರು ಬಕಲ್ ಇರುವ ಜಾಕೆಟ್ ತಗೊಳ್ಳಿ, ಕೆಳಗಿನದ್ದನ್ನು ಪಕ್ಕೆಲುಬಿನ ಕೆಳಗೆ ಗಟ್ಟಿಯಾಗಿ ಎಳೆಯಿರಿ. ಆಮೇಲೆ ಆ ಹುಡುಗ ಹೇಳಿದ ಹಾಗೆ ಭುಜ ಹಿಡಿದು ಎತ್ತಿ ನೋಡಿ. ಚೂಡಿದಾರ ಹಾಕುವ ನಿಮ್ಮ ಮನೆಯವರಿಗೆ ಪಟ್ಟಿ ಇರುವುದೇ ಆಗುತ್ತದೆ.

ಹೊಳೆಯ ಮಾತು ಬಂದಿದೆ, ಅದರ ಜೊತೆ ಕೃಷಿ ಹೊಂಡದ ಮಾತೂ ಹೇಳಿಬಿಡುತ್ತೇನೆ. 2014ರಲ್ಲಿ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಒಣ ಬೇಸಾಯದ ಕಡೆ ಹೊಂಡಗಳು ಬಹಳ ಆಗಿವೆ. ನಮ್ಮ ಬೆಳೆ ಉಳಿದದ್ದೇ ಅದರಿಂದ, ಇಲ್ಲ ಅನ್ನುವುದಿಲ್ಲ. ಆದರೆ ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಗೆ ಪಾಚಿ ಹತ್ತಿತು ಅಂದರೆ ಬೆಣ್ಣೆ ಸವರಿದ ಹಾಗೆ. ಬಿದ್ದವರು ಹತ್ತಿ ಬರುವುದಿಲ್ಲ, ಈಜು ಬಂದರೂ ಹತ್ತಲು ಆಗುವುದಿಲ್ಲ, ಕಾಲಿಟ್ಟಷ್ಟೂ ಜಾರುತ್ತದೆ. ನಮ್ಮ ಮೈದುನನ ಮಗ ಕೊಡ ತುಂಬಲು ಹೋಗಿ ಹಾಗೇ ಜಾರಿದ್ದ. ನನ್ನ ಅತ್ತೆ ಉಟ್ಟ ಸೀರೆಯನ್ನೇ ಬಿಚ್ಚಿ ಎಸೆದು ಎಳೆದಳು. ಅರವತ್ತೈದು ವಯಸ್ಸು ಅವಳಿಗೆ.

ಆಮೇಲೆ ನಾವು ಮಾಡಿದ್ದು ಹೇಳುತ್ತೇನೆ. ನಾಲ್ಕೂ ಬದಿಗೆ ಗೂಟ ಹೊಡೆದು ಹಗ್ಗ ಇಳಿಬಿಟ್ಟೆವು, ಮೊಳಕ್ಕೊಂದು ಗಂಟು ಹಾಕಿ. ಎರಡು ಬದಿಗೆ ಹಳೆಯ ಟ್ರ್ಯಾಕ್ಟರ್ ಟಯರುಗಳನ್ನು ಒಂದಕ್ಕೊಂದು ಕಟ್ಟಿ ಮೆಟ್ಟಿಲ ಹಾಗೆ ಇಳಿಸಿದೆವು. ಸುತ್ತ ತಂತಿ ಬೇಲಿ, ಬಾಗಿಲಿಗೆ ಬೀಗ. ಬೇಲಿಯ ಕಂಬಕ್ಕೆ ಐದು ಲೀಟರ್ ಎಣ್ಣೆ ಡಬ್ಬಿ ಒಂದು ನೇತು ಹಾಕಿದ್ದೇವೆ. ಬಿರಡೆ ಬಿಗಿಯಾಗಿ ಹಾಕಿ, ಒಳಗೆ ಒಂದು ಲೋಟದಷ್ಟು ನೀರು ಬಿಟ್ಟು, ಹಿಡಿಕೆಗೆ ಹಗ್ಗ ಕಟ್ಟಿ. ಆ ಲೋಟ ನೀರಿನ ಭಾರಕ್ಕೆ ಡಬ್ಬಿ ಗಾಳಿಗೆ ಹಾರದೆ ಎಸೆದಲ್ಲಿಗೆ ಹೋಗುತ್ತದೆ. ಹಿಡಿದವರು ತೇಲುತ್ತಾರೆ, ನಾವು ಎಳೆಯುತ್ತೇವೆ.

ಸಾಧನಕೇರಿ ಮಾಸ್ತರ

ಅಕ್ಕನವರು ಹೇಳಿದ ಡಬ್ಬಿ ಬಹಳ ಒಳ್ಳೆಯದು. ಹಗ್ಗದ ಬಗ್ಗೆ ಒಂದು ಮಾತು. ನೈಲಾನ್ ನೀರಿನಲ್ಲಿ ಮುಳುಗುತ್ತದೆ. ಪಾಲಿಪ್ರೊಪಿಲೀನ್ ತೇಲುತ್ತದೆ. ಅಂಗಡಿಯಲ್ಲಿ ಹೆಸರು ಕೇಳಿದರೆ ಗೊತ್ತಾಗದೇ ಇರಬಹುದು, ಒಂದು ಗೇಣು ತುಂಡು ಕೇಳಿ ಲೋಟದ ನೀರಿಗೆ ಹಾಕಿ ನೋಡಿ. ತೆಪ್ಪದಲ್ಲಿ ಅಂಥದ್ದು 20 ಮೀಟರ್ ಇರಲಿ. ನಡುಗುವ ಕೈಗೆ ಹಿಡಿಯಲು ಸಿಗುವಷ್ಟು ದಪ್ಪ ಇರಲಿ.

ರಾಫ್ಟ್ ಹುಡುಗ

ಹಗ್ಗವನ್ನು ಯಾರೂ ಸೊಂಟಕ್ಕೆ ಕಟ್ಟಿಕೊಳ್ಳಬೇಡಿ, ಮಗುವನ್ನು ತೆಪ್ಪಕ್ಕೆ ಕಟ್ಟಲೂ ಬೇಡಿ. ತೆಪ್ಪ ಮಗುಚಿದರೆ ಅದರ ಕೆಳಗೇ ಸಿಕ್ಕಿಕೊಳ್ಳುತ್ತಾರೆ. ಜಾಕೆಟ್ ಹಾಕಿದವರು ಬಿದ್ದರೆ ಹರಿವಿನಲ್ಲಿ ಎದ್ದು ನಿಲ್ಲಲು ಹೋಗಬಾರದು, ಕಲ್ಲಿನ ಸಂದಿಗೆ ಕಾಲು ಸಿಕ್ಕರೆ ನೀರು ಬೆನ್ನ ಮೇಲೆ ಬಂದು ಮುಖ ಅದುಮುತ್ತದೆ. ಅಂಗಾತ ಮಲಗಿ, ಕಾಲು ಮುಂದೆ ಹರಿವಿನ ಕಡೆ, ಕಾಲಿನ ಹೆಬ್ಬೆರಳು ನೀರಿನ ಮೇಲೆ ಕಾಣಬೇಕು. ಕೈಯಿಂದ ನಿಧಾನ ದಂಡೆಯ ಕಡೆ ಸರಿಯುತ್ತಾ ಬರಬೇಕು. ಮರಳು ತೆಗೆದ ಗುಂಡಿಗಳು ತುಂಗಭದ್ರೆಯಲ್ಲೂ ವರದೆಯಲ್ಲೂ ಇವೆ, ಮೊಣಕಾಲು ನೀರು ಅಂತ ನಡೆದವರು ಮುಂದಿನ ಹೆಜ್ಜೆಗೆ ಮಡುವಿನಲ್ಲಿರುತ್ತಾರೆ. ಹೀಗೆ ಅಂಗಾತ ತೇಲುವುದನ್ನು ಮನೆಯವರಿಗೆ ಕಡಿಮೆ ನೀರಿನಲ್ಲಿ ಒಮ್ಮೆ ಮಾಡಿಸಿ. ಜಾಕೆಟ್ ಹೇಗೆ ಎತ್ತುತ್ತದೆ ಅಂತ ಮೈಗೆ ಗೊತ್ತಾಗಬೇಕು, ಇಲ್ಲದಿದ್ದರೆ ಬಿದ್ದ ಗಳಿಗೆಯಲ್ಲಿ ಗಾಬರಿಯಿಂದ ಅದನ್ನೇ ಕಿತ್ತು ಹಾಕಲು ನೋಡುತ್ತಾರೆ.

ಹಾವೇರಿ ನರ್ಸ್

ಎರಡೇ ಮಾತು. ಮುಳುಗಿದವರನ್ನು ಮೇಲೆ ತಂದ ಮೇಲೆ ಹೊಟ್ಟೆ ಅದುಮಬೇಡಿ, ತಲೆಕೆಳಗು ಮಾಡಿ ತಿರುಗಿಸಬೇಡಿ, ಮಲಗಿಸಿ ತಿರುಗಿಸಲು ಕುಂಬಾರರ ತಿಗರಿ ಹುಡುಕಿಕೊಂಡು ಹೋಗಬೇಡಿ. ಉಸಿರು ಇಲ್ಲದಿದ್ದರೆ ಮೂಗು ಮುಚ್ಚಿ ಬಾಯಿಗೆ ಬಾಯಿ ಇಟ್ಟು ಮೊದಲು ಉಸಿರು ಕೊಡಿ, ಆಮೇಲೆ ಎದೆಯ ನಡುವೆ 30 ಸಲ ಒತ್ತಿ, ಮತ್ತೆ 2 ಉಸಿರು, 108 ಬರುವವರೆಗೂ ನಿಲ್ಲಿಸಬೇಡಿ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಕರೆದುಕೊಂಡು ಬನ್ನಿ, ಪುಪ್ಪುಸಕ್ಕೆ ನೀರು ಹೋಗಿದ್ದರೆ ತೊಂದರೆ ಕೆಲವು ತಾಸು ಬಿಟ್ಟು ಕಾಣಿಸುತ್ತದೆ.

ಹೊಳೆದಂಡೆ

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಆ 700ರದ್ದನ್ನು ಒಂದೇ ಒಂದು ತಂದು ಹೌದಕ್ಕೆ ಹಾಕಿ ನೋಡಿದೆ. ಹತ್ತು ಕಿಲೋ ಬಟ್ಟು ಕಟ್ಟಿದ ಕೂಡಲೇ ಹೋಯಿತು. ಐದಕ್ಕೂ ಅರ್ಧಕ್ಕರ್ಧ ಮುಳುಗಿ ಓಲಾಡುತ್ತಿತ್ತು. ವಾಪಸ್ ಕೊಟ್ಟೆ. ಆಮೇಲೆ ಹುಬ್ಬಳ್ಳಿಗೆ ಹೋಗಿ, ಮಗಳನ್ನೂ ಕರೆದುಕೊಂಡು ಹೋಗಿ, ನಾಲ್ಕು ತಂದೆ. ಹೆಬ್ಬೆರಳಿನಿಂದ ಒತ್ತಿದರೆ ಫೋಮ್ ತಕ್ಷಣ ಮೇಲೆ ಬರುತ್ತದೆ. ಮೂರೂ ದೊಡ್ಡವು ರಾತ್ರಿಯಿಡೀ ಹತ್ತು ಕಿಲೋ ಹೊತ್ತು ನಿಂತವು. ದುಡ್ಡು ಅಂದುಕೊಂಡದ್ದಕ್ಕಿಂತ ಜಾಸ್ತಿ ಆಯಿತು, ಈ ಸಲ ಹಬ್ಬದ ಬಟ್ಟೆ ಬೇಡ ಅಂತ ಮನೆಯಲ್ಲಿ ಅವರೇ ಹೇಳಿದರು.

ಭಾನುವಾರ ದಂಡೆಯ ಹತ್ತಿರ ಎದೆ ಮಟ್ಟದ ನೀರಿನಲ್ಲಿ ಎಲ್ಲರನ್ನೂ ಇಳಿಸಿದೆ. ಮಗಳು ಅಂಗಾತ ಮಲಗಿ ಹತ್ತೂ ಕಾಲ್ಬೆರಳು ಎಣಿಸಿ ತೋರಿಸಿದಳು. ಅವ್ವ ಮೊದಲು ನನ್ನ ಕೈ ಬಿಡಲೇ ಇಲ್ಲ. ಸೆರಗು ಕಪ್ಪತಗುಡ್ಡದ ಅಕ್ಕ ಹೇಳಿದ ಹಾಗೇ ಸಿಕ್ಕಿಸಿದ್ದಳು, ಸ್ವಲ್ಪವೂ ಬಿಚ್ಚಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಬೆರಳು, ಆಮೇಲೆ ಇನ್ನೊಂದು, ಹಾಗೆ ಬಿಟ್ಟಳು. ಐವತ್ತೆಂಟು ವರ್ಷ ಇದೇ ಹೊಳೆ ದಾಟಿದವಳು ಮೊದಲ ಸಲ ನೀರಿನ ಮೇಲೆ ಮಲಗಿ ಆಕಾಶ ನೋಡಿದಳು. ಏನೂ ಮಾತಾಡಲಿಲ್ಲ.

ಅಂಬಿಗ ಕಾಕಾನಿಗೂ ಒಂದು ಕೊಟ್ಟೆ. ಅವನು ಅದನ್ನು ಮಡಚಿ ಕೆಳಗೆ ಹಾಕಿ ಕೂತುಬಿಟ್ಟಿದ್ದ, ಕೂತರೆ ಫೋಮ್ ಚಪ್ಪಟೆಯಾಗುತ್ತದೆ ಕಾಕಾ ಅಂತ ಹೇಳಿ ಮೈಮೇಲೆ ಹಾಕಿಸಿದೆ. ಹುಟ್ಟು ಹಾಕಲು ತೋಳಿಗೆ ಅಡ್ಡ ಬರುತ್ತದೆ ಅನ್ನುತ್ತಿದ್ದಾನೆ. ತೋಳಿನ ಕಡೆ ಅಗಲ ಬಿಟ್ಟಿರುವ ಜಾಕೆಟ್ ಯಾವುದಾದರೂ ಇದ್ದರೆ ಹೇಳಿ, ಬದಲಿಸಿ ಕೊಡುತ್ತೇನೆ. ಹಗ್ಗ ಇನ್ನೂ ತಂದಿಲ್ಲ, ರಾಣೆಬೆನ್ನೂರಿನಲ್ಲಿ ಎರಡು ಅಂಗಡಿಯ ತುಂಡು ಲೋಟಕ್ಕೆ ಹಾಕಿದೆ, ಎರಡೂ ಮುಳುಗಿದವು.

ರಾಫ್ಟ್ ಹುಡುಗ

ಹುಟ್ಟು ಹಾಕುವವರಿಗೆ ಅಂತಲೇ ತೋಳಿನ ಕಡೆ ಅಗಲ ಬಿಟ್ಟು ಹೊಲಿದಿರುತ್ತಾರೆ ಅಣ್ಣಾ, ಕಯಾಕ್ ಜಾಕೆಟ್ ಅಂತ ಕೇಳಿ. ಅವುಗಳಲ್ಲಿ ಜಾಸ್ತಿ 50ರವೇ ಇರುತ್ತವೆ, ಕಾಕಾನಿಗೆ ಈಜು ಬರುತ್ತದೆ ಅಲ್ವಾ, ನಡೆಯುತ್ತದೆ. ಹಗ್ಗ ನಾನು ಮುಂದಿನ ವಾರ ಹುಬ್ಬಳ್ಳಿಗೆ ಬರುವಾಗ ತರುತ್ತೇನೆ, ಬಸ್ಸಿನಲ್ಲಿ ಕಳಿಸುತ್ತೇನೆ.